ಉಸಿರು ಬಿಡದ ಮೇಷ್ಟ್ರು

ಬಸ್ಸಿಗೆ ಕಾಯುವ ಸಾಲಿನಲ್ಲಿ ಮುಂದೆ ನಿಂತಿದ್ದ ಅಕ್ಕತಂಗಿಯರ ಮಾತು ಹಿಂದಿದ್ದ ದರ್ಜಿಯ ಕಿವಿಗೆ ತಾನಾಗಿಯೇ ಬಿತ್ತು. ದರ್ಜಿ ಕಿವಿಯನ್ನು ಹಿಂದೆಗೆಯಲೂ ಇಲ್ಲ.

"ನಾಳೆ ನಾನು ಮಾಡ್ಬೇಕಾದ ಮೊದಲ್ನೇ ಪಾಠಕ್ಕೆ ಹೋಗಲ್ಲಕ್ಕ. ಟೀಚರ್ ಟ್ರೇನಿಂಗೇ ಬಿಟ್ಬಿಡ್ತೀನಿ."

"ಏನಾಯ್ತೇ?"

"ಪಾಠ ಮಾಡೋದು ಹೇಗೆ ಅಂತ ಒಬ್ರು ಮೇಷ್ಟ್ರ ಪಾಡ್‌ಕಾಸ್ಟ್ ಕೇಳ್ದೆ. ಪುಣ್ಯಾತ್ಮ ಉಸಿರೇ ಬಿಡಲ್ಲ. ನಾನು ಎರಡು ಮಾತಿಗೊಂದ್ಸಲ ನೀರು ಕುಡಿಯೋಳು."

"ಕೊಡಿಲ್ಲಿ ಫೋನು. ಅಯ್ಯೋ ಪೆದ್ದಿ, ವೇಗ ಎರಡು ಪಟ್ಟು ಇದೆಯಲ್ಲೇ!"

"ಭಾವ ಹಾಕ್ಕೊಟ್ಟಿದ್ದು."

"ಅವರಿಗೆ ನನ್ನ ಮಾತೂ ಹೀಗೇ ಬೇಗ ಮುಗೀಬೇಕು. ವೇಗ ಸರಿಮಾಡಿದೀನಿ, ಈಗ ಕೇಳು."

ತಂಗಿ ಇಯರ್‌ಫೋನನ್ನು ಒತ್ತಿ ಹಿಡಿದಳು. ಮುಖ ಮೆಲ್ಲಗೆ ಅರಳಿತು.

"ಅಕ್ಕಾ, ತಡವರಿಸ್ತಿದಾರೆ! 'ಏನ್ ಹೇಳ್ತಿದ್ದೆ' ಅಂದ್ರು... ನೀರು ಕುಡಿದ್ರು!"

"ಸರಿ, ಬಸ್ ಬಂತು, ಹತ್ತು."

"ನಾಳೆಗೆ ನಿನ್ನ ದೊಡ್ಡ ಬಾಟ್ಲಿ ಕೊಡಕ್ಕ," ಎನ್ನುತ್ತ ಅವಳು ಮೆಟ್ಟಿಲು ಹತ್ತಿದಳು.