ಟಾರ್ಪಾಲಿನಡಿಯ ಮರಳು

"ಹಲೋ... ಹಾಂ, ಯಾರು ಮಾತಾಡೋದು?... ಸುರೇಂದ್ರ ಅವ್ರಾ? ಕಳಸದ ಕಂಟ್ರಾಕ್ಟರಾ?... ನಾನೇ, ಕೊಟ್ಟಿಗೆಹಾರದ ರೇವತಿ. ಹೇಳಿ."

ಬೇಸಿಗೆಯಿಂದ ರೇವತಿ ಕಾದಿದ್ದ ಫೋನು ಅದು. ನಿಧಾನಕ್ಕೆ ಸವಿಯಬೇಕೆಂದು ಜಗಲಿಗೆ ಬಂದು ಕಂಬಕ್ಕೊರಗಿ ಕೂತಳು.

"ಎಂಥದು? ಹೊಸ ಗೋಡೆ ಬೆಳ್ಳಗಾಗ್ತಿದ್ಯಾ?... ನೆಕ್ಕಿ ನೋಡಿದ್ರಾ?... ಉಪ್ಪಾ! ಅಯ್ಯೋ ಮಾರಾಯ್ರೆ, ಗೋಡೆ ಬುಡದಲ್ಲಿ ಉಪ್ಪಿನಕಾಯಿ ಭರಣಿ ಇಟ್ಟಿದ್ರಾ?..."

"ನಗ್ತಿಲ್ಲ. ನೀವು ಹೇಳಿದ್ದನ್ನೇ ಹೇಳ್ದೆ. ನೀವು ಕಟ್ಟಿದ ನಮ್ಮ ಅಡುಗೆಮನೆ ಗಾರೆ ಕಳಚಿ ಅಮ್ಮನ ಬಲಗೈ ಮೇಲೆ ಬಿತ್ತಲ್ಲ, ಆವತ್ತು ಊರೋರೆದುರಿಗೆ ಏನಂದ್ರಿ? 'ಹುಚ್ಚಮ್ಮನ ಮಾವಿನಮಿಡಿ ಭರಣಿ ಸೋರಿ ಗೋಡೆ ಉಪ್ಪಾಗಿದೆ, ನನ್ನ ಕೆಲಸ ಸರಿ ಇದೆ' ಅಂದ್ರಿ. ಅಲ್ವಾ?..."

ಅಂದಿನಿಂದ ರೇವತಿಯ ಅಮ್ಮ ಹುಚ್ಚಮ್ಮ ಮಿಡಿ ಉಪ್ಪಿಗೆ ಹಾಕಿಲ್ಲ. ಮನೆ ಕೆಡಿಸಿದ್ದು ತಾನೇ ಎಂದು ನಂಬಿ, ನೆಟ್ಟಗಾಗದ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಓಡಾಡುತ್ತಾಳೆ. ಮಗಳು ಅದನ್ನು ದಿನವೂ ನೋಡುತ್ತಾಳೆ.

"ಮರಳಾ?... ಹಾಂ, ನಮ್ಮಂಗಳದಲ್ಲಿ ಉಳಿದಿದ್ದು. ನಿಮ್ದೇ ಮರಳಲ್ವಾ? ಘಾಟಿ ಕೆಳಗಿಂದ ಅಗ್ಗಕ್ಕೆ ಸಿಕ್ತು ಅಂತ ಸಮುದ್ರದ ಮರಳು ತಂದು, ನೆಕ್ಕೀನೂ ನೋಡ್ದೆ ಹೊಳೆ ಮರಳು ಅಂದಿದ್ರಿ... ಗಟ್ಟಿ ಇತ್ತಾ? ಇತ್ತು. ಬರೀ ಮರಳು ಒಣಗಿದ್ರೆ ಉದುರತ್ತೆ. ಅದು ಒಣಗ್ತಾ ಒಣಗ್ತಾ ಉಪ್ಪು ಹರಳುಗಟ್ಟಿ, ಕಾಳಿಗೆ ಕಾಳು ಕಚ್ಕೊಂಡಿತ್ತು. ಬೇಸಿಗೇಲಿ ನೀವು ಹಾರೇಲಿ ಒಡ್ಸಿ, 'ಎಂಥ ಜಾತಿ ಮರಳು' ಅಂತ ಹೊಗಳ್ಕೊಂಡು ಲಾರಿಗೆ ತುಂಬಿಸ್ಕೊಂಡು ಹೋದ್ರಿ..."

"ಗೊತ್ತಿತ್ತು. ನಾನೂ ನೆಕ್ಕಿ ನೋಡಿದ್ದೆ... ಟಾರ್ಪಾಲಾ? ನಾನೇ ಮುಚ್ಚಿದ್ದು. ಹಾಗೇ ಬಿಟ್ಟಿದ್ರೆ ನಮ್ಮೂರ ಮಳೆ ಉಪ್ಪನ್ನೆಲ್ಲ ತೊಳ್ದು ಹಾಕ್ತಿತ್ತಲ್ಲ? ಒಂದು ಹರಳೂ ಹೋಗ್ಬಾರ್ದು ಅಂತ ಕಲ್ಲು ಹೇರಿ ಮುಚ್ಚಿದ್ದೆ. ನೀವು ಥ್ಯಾಂಕ್ಸ್ ಬೇರೆ ಹೇಳಿದ್ರಿ!..."

"ಬೈಯ್ರಿ, ಬೈಯ್ರಿ. ಯಾವ ಗೋಡೆಗೆ ಹಾಕಿದ್ರಿ ಅದನ್ನ?... ಯಾರ ಕೋಣೆ? ನಿಮ್ಮಮ್ಮಂದಾ?... ಕಾರ್ ಶೆಡ್ಡಿಗೆ ಅಂದಿದ್ರಲ್ಲ ನೀವು?... ಭಾಗಮ್ಮ ಈಗೆಲ್ಲಿದ್ದಾರೆ?... ಆ ಗೋಡೆ ಪಕ್ಕದಲ್ಲೇ ಮಲಗಿದ್ದಾರಾ?..."

ರೇವತಿ ಕಂಬ ಬಿಟ್ಟು ನೆಟ್ಟಗೆ ಕೂತಳು. ಸುರೇಂದ್ರನ ಅಮ್ಮ ತನಗೆ ಏನು ಅನ್ಯಾಯ ಮಾಡಿದ್ದಳು? ಮಂಚ ಸರಿಸಿ ಎಂದು ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ನಿಂತ ಅಮ್ಮ ಕಂಡಳು, ಕೈ ಸೆರಗಿನಡಿ. ಮನಸ್ಸು ಮತ್ತೆ ಕಲ್ಲಾಯಿತು.

"ಏನ್ಮಾಡ್ಬೇಕು ಅಂತ ಆಮೇಲೆ ಹೇಳ್ತೀನಿ. ಮೊದ್ಲು ನಮ್ಮಮ್ಮನ ಕಿವಿಗೆ ಹೇಳಿ, ಉಪ್ಪು ಮರಳಿಂದೇ, ಭರಣೀದಲ್ಲ ಅಂತ. ತಗೊಳ್ಳಿ..."

ಫೋನನ್ನು ಅಮ್ಮನ ಕಿವಿಗೆ ಹಿಡಿದಳು. ಹುಚ್ಚಮ್ಮ ಕಿವಿಗೊಟ್ಟು ಕೇಳಿದಳು. ಕಣ್ಣು ತುಂಬಿ ಬಂತು.

"ಅಮ್ಮನಿಗೆ ಕೇಳ್ಲಿಲ್ಲ. ಇನ್ನೊಂದ್ಸಲ, ಜೋರಾಗಿ..."

ಕೇಳಿತ್ತು. ಇನ್ನೊಮ್ಮೆ ಬೇಕಾಗಿದ್ದದ್ದು ರೇವತಿಗೆ. ಎರಡನೇ ಸಲವೂ ಆಯಿತು, ಅವಳ ಆಸೆ ತೀರಲಿಲ್ಲ.

"ಹಾಂ... ಮತ್ತೊಂದ್ಸಲ ಹೇಳಿ..."

ಹುಚ್ಚಮ್ಮ ಫೋನು ಕಿತ್ತುಕೊಂಡಳು, ಆ ಬಲಗೈಯಲ್ಲೇ.

"ಸುರೇಂದ್ರಪ್ಪ, ಅದೆಲ್ಲ ಇರ್ಲಿ! ಭಾಗಮ್ಮನ ಮಂಚ ಗೋಡೆಯಿಂದ ಈಚೆ ಎಳೀರಿ. ಪುಡಿಪುಡಿ ಉದುರ್ತಿದೆ ಅಂತ ನೋಡ್ತಾ ಕೂರ್ಬೇಡಿ, ಗಾರೆ ಒಂದೇ ಏಟಿಗೆ ಹಲಗೆ ಹಾಗೆ ಬೀಳತ್ತೆ... ಕೇಳ್ತಾ?... ಹಲೋ?... ಹಲೋ?..."

ಲೈನು ಕಡಿದಿತ್ತು.

"ರೇವತಿ, ಅವ್ರಿಗೆ ಕೇಳ್ತಾ? ನಾನು ಹೇಳೋಕೆ ಮುಂಚೆನೇ ಲೈನು ಹೋಗಿತ್ತಾ?"