ಕನ್ನಡಕ ಮರೆತು ಬಂದವನ ಕಾಗದ

ನಗಬೇಡಿ ಮಾರಾಯ್ರೆ! ಕೊಂಬು ಹಿಡಿದೆ ಅಂದ್ರೆ ಹಿಡಿದೆ. ಎರಡೂ ಕೈಯಲ್ಲಿ, ಹಿಂಗೆ... ಸೈಕಲ್ ಹ್ಯಾಂಡಲ್ ಹಿಡಿದ ಹಂಗೆ. ಕಾಟಿ ಅಂದ್ರೆ ಸಣ್ಣ ಪ್ರಾಣಿಯಾ? ಕಾಡುಕೋಣ! ಕಾಫಿ ಸಾಲಿನ ಮಧ್ಯೆ ಈ ಕಡೆ ನಾನು, ಆ ಕಡೆ ಅದು. ಓಡಿದ್ರೆ ಸತ್ತೆ. ಕೊಂಬು ಹಿಡ್ಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ ನೋಡಿ... ಅದಕ್ಕೇ ನಾಚಿಕೆ ಆಗಿ ತಲೆ ತಗ್ಗಿಸ್ಕೊಂಡು ಹೋಯ್ತು. ಅತ್ತಿಗುಂಡಿ ಕಡೆ ಎಸ್ಟೇಟಲ್ಲಿ ಯಾರನ್ನಾದ್ರೂ ಕೇಳಿ, ಲಿಂಗಪ್ಪ ಮೇಸ್ತ್ರಿ ಅಂದ್ರೆ... ಅಲ್ಲ, ಆ ಕಾಲದವರು ಈಗ ಅಲ್ಲಿ ಯಾರೂ ಉಳಿದಿಲ್ಲ. ಅದು ಬಿಡಿ.

ನಿಮ್ಮ ಹೆಸರು ಎಂತ ಅಂದ್ರಿ? ಹ್ಞಾ? ಎದೆ ಮೇಲೆ ಬ್ಯಾಡ್ಜಲ್ಲೇ ಇದೆ ಅಂತೀರಾ... ಇದೆ, ಇದೆ, ಕಾಣ್ತದೆ. ಈ ಕಾಲೇಜು ಹಾಲಿನ ಟ್ಯೂಬ್‌ಲೈಟು ಕಣ್ಣಿಗೆ ಹೊಡೀತದೆ ನೋಡಿ, ಅದಕ್ಕೆ ಕೇಳಿದೆ. ಯೋಗೇಶ್! ಒಳ್ಳೆ ಹೆಸರು. ಮೂಡಿಗೆರೆ ಕಡೆಯವರು, ಮಗ ನಂದನ್ ಈ ವರ್ಷ ಇಲ್ಲಿಗೆ ಸೇರಿದಾನೆ, ಸರಿನಾ? ನನ್ನ ಮೊಮ್ಮಗಳೂ ಇದೇ ವರ್ಷ. ನಾಗಶ್ರೀ. ಬಿ.ಎಸ್ಸಿ. ನಮ್ಮ ಗೋಣಿಬೀಡಿನ ಬಸ್ಸಲ್ಲಿ ಅವಳ ಟ್ರಂಕ್ ಹತ್ತಿಸ್ಬೇಕಾದ್ರೆ ಕಂಡಕ್ಟರೇ ಇಳಿದು ಬಂದು ಕೈ ಹಾಕಿದ. ಅಷ್ಟು ಮರ್ಯಾದೆ.

ಆದ್ರೆ ಈ ಕಾಲೇಜಿನವರದ್ದು ಎಂತ ಏರ್ಪಾಡೋ! ಪೋಷಕರ ಕಾರ್ಯಕ್ರಮ ಅಂತ ಕರೆದ್ರು, ಬಂದ್ವಿ. ಉಪ್ಪಿಟ್ಟು ಕೇಸರಿಬಾತ್ ಕೊಟ್ರು, ತಿಂದ್ವಿ. ಆಮೇಲೆ ಮಕ್ಕಳನ್ನೆಲ್ಲ ಎದ್ದೇಳಿಸಿ ಆ ಕಟ್ಟಡಕ್ಕೆ ಹೊಡ್ಕೊಂಡು ಹೋದ್ರು, ನಮ್ಮನ್ನ ಮಾತ್ರ ಇಲ್ಲಿ ಕೂರ್ಸಿದ್ರು. ನಾವೇನು ಸ್ಕೂಲಿಗೆ ಸೇರಿದೀವಾ? ಆ ವಾರ್ಡನ್ ಪ್ರೇಮಲತಾ ಮೇಡಂ ಮೈಕಲ್ಲಿ ಹೇಳಿದ್ದು ಕೇಳಿದ್ರಲ್ಲ... ಒಂದೊಂದು ಹಾಳೆ, ಒಂದೊಂದು ಕವರ್. ನಿಮ್ಮ ಮಗುವಿಗೆ ಒಂದು ಕಾಗದ ಬರೀರಿ, ಅಂಟು ಹಚ್ಚಿ ಪೆಟ್ಟಿಗೆಗೆ ಹಾಕಿ, ಮೂರು ವರ್ಷ ಬಿಟ್ಟು ಓದು ಮುಗಿದ ದಿನ ಅವರ ಕೈಗೆ ಕೊಡ್ತೀವಿ ಅಂತ. ಮೂರು ವರ್ಷ! ನಂಗೀಗ ಎಪ್ಪತ್ನಾಲ್ಕು. ಕೊಡೋ ದಿನ ನಾನು ಈ ಕುರ್ಚೀಲಿ ಕೂತಿರ್ತೀನಾ... ಇರ್ತೀನಿ ಬಿಡಿ. ಗಟ್ಟಿ ಜೀವ. ಆದ್ರೂ ಕಾಗದ ಅಂದ್ರೆ ಕಾಗದ. ಅವತ್ತು ಎಲ್ಲರ ಎದುರಿಗೆ ಕವರ್ ಒಡೀತಾಳೆ. ಪಕ್ಕದ ಹುಡುಗಿ ಕಾಗದ ತುಂಬಿರ್ತದೆ, ಇವಳದ್ದು ಖಾಲಿ ಇದ್ರೆ? ತಲೆ ತಗ್ಗಿಸ್ಬೇಕಾಗ್ತದೆ ಹುಡುಗಿ. ಅದಾಗಬಾರ್ದು ನೋಡಿ.

ಅದಕ್ಕೇ ಕೇಳಿದ್ದು ನಿಮ್ಮನ್ನ. ಬೆಳಿಗ್ಗೆ ಗಡಿಬಿಡೀಲಿ ಕನ್ನಡಕ ಮನೇಲೆ ಬಿಟ್ಟು ಬಂದೆ. ಇಲ್ದಿದ್ರೆ ನಂದು ಮುತ್ತು ಪೋಣಿಸಿದ ಹಂಗೆ ಅಕ್ಷರ. ನಾನು ಹೇಳ್ತಾ ಹೋಗ್ತೀನಿ, ನೀವು ಬರೀತಾ ಹೋಗಿ. ಆಯ್ತಾ? ... ತಲೆ ಆಡ್ಸಿದ್ರಲ್ಲ, ಅಷ್ಟು ಸಾಕು. ದೊಡ್ಡ ಮನಸ್ಸು ನಿಮ್ಮದು. ಹ್ಞಾ, ಹಂಗೆ ಬಗ್ಗಿ ಕೂತ್ಕೊಳ್ಳಿ.

ಬರೀರಿ... ನಾಗಶ್ರೀಗೆ ಅಜ್ಜ ಮಾಡುವ ಆಶೀರ್ವಾದ. ನಾನು ಕ್ಷೇಮ. ನೀನು ಕ್ಷೇಮವಾಗಿರು. ಹಾಸ್ಟೆಲಲ್ಲಿ ಯಾರಾದ್ರೂ ಎದುರು ಮಾತಾಡಿದ್ರೆ ಹೆದರಬೇಡ, ನಿಮ್ಮಜ್ಜ ನಲವತ್ತು ಆಳನ್ನ ಒಂದೇ ಕೂಗಲ್ಲಿ ಸಾಲಿಗೆ ನಿಲ್ಲಿಸಿದೋನು ಅಂತ ಹೇಳು. ನೆರಳು ಮರ ಯಾವುದು ಕಡೀಬೇಕು, ಯಾವುದು ಬಿಡ್ಬೇಕು ಅಂತ ಎಸ್ಟೇಟ್ ದೊರೆಗಳೇ ಬಂದು ಕೇಳ್ತಿದ್ರು ಅಂತ ಹೇಳು. ಬರೆದ್ರಾ? ಪೆನ್ನು ಏನು ಓಡ್ತದೆ ಮಾರಾಯ್ರೆ ನಿಮ್ಮದು! ಜಿಗಣೆ ಹತ್ತೋ ಹಂಗೆ ಸರಸರ ಹೋಗ್ತದೆ.

ನಂದೂ ಹಂಗೇ, ಕಣ್ಣು ಅಂದ್ರೆ ಗಿಡುಗನ ಕಣ್ಣು. ಹತ್ತು ಸಾಲು ಆಚೆ ಗಿಡದಲ್ಲಿ ಬೋರರ್ ಹುಳ ಹೊಕ್ಕಿದ್ರೆ ಇಲ್ಲಿ ನಿಂತು ಹೇಳ್ತೀನಿ. ಇವತ್ತಿಗೂ! ಈ ವಯಸ್ಸಿಗೆ ಒಂದು ದಿನ ಕನ್ನಡಕ ಮೂಗಿನ ಮೇಲೆ ಇಟ್ಟೋನಲ್ಲ... ಯಾಕೆ, ಯಾಕೆ ಹಂಗೆ ಕತ್ತೆತ್ತಿ ನೋಡಿದ್ರಿ? ಓ, ಮೇಡಂ ಟೈಮ್ ಹೇಳಿದ್ರಾ. ಇನ್ನು ಹದಿನೈದು ನಿಮಿಷ ಇದೆಯಂತೆ. ಬೇಕಾದಷ್ಟಾಯ್ತು. ಬರೀರಿ, ಬರೀರಿ.

ಹುಲಿ ವಿಷ್ಯ ಸೇರಿಸ್ಬೇಕು ಇದ್ರಲ್ಲಿ. ಅದಿಲ್ದೆ ನನ್ನ ಕಾಗದ ಅಂತ ಅವಳು ನಂಬೋದೇ ಇಲ್ಲ. ಅವಳು ನಾಲ್ಕು ವರ್ಷದವಳಿದ್ದಾಗ ನನ್ನ ಕೈಗೆ ಬಂದಿದ್ದು. ಅಪ್ಪ ಅನ್ನೋನು ಬಿಟ್ಟು ಹೋದ. ನನ್ನ ಮಗಳು ಅರುಣಾ ಹೊರನಾಡಲ್ಲಿ ಒಂದು ಲಾಡ್ಜಿನ ಅಡುಗೆ ಕೆಲಸಕ್ಕೆ ಸೇರಿದ್ಲು. ಇವತ್ತೂ ಬರ್ತಿದ್ಲು, ಶ್ರಾವಣದ ರಶ್ಶು, ರಜೆ ಕೊಡ್ಲಿಲ್ಲ. ಹಂಗಾಗಿ ಮನೇಲಿ ನಾನು, ಆ ಪಿಳ್ಳೆ. ಸಂಜೆ ಆದ್ರೆ ಅಮ್ಮ ಬೇಕು ಅಂತ ಅಳೋದು. ಎಂತ ಮಾಡ್ತೀರಿ? ನಾನು ಪೇಪರ್ ಬಿಡಿಸ್ಕೊಂಡು ಜಗಲೀಲಿ ಕೂತು ಜೋರಾಗಿ ಓದೋದು. ಎಂತೆಂತ ಸುದ್ದಿ ಅಂತೀರಿ! ಒಂದಿನ ಬಂದಿತ್ತು... ಅತ್ತಿಗುಂಡಿ ಸ್ಟಾಪಲ್ಲಿ ಹುಲಿ ಬಸ್ ಹತ್ತಿತು. ಕಂಡಕ್ಟರು ಟಿಕೆಟ್ ಅಂದ. ಚಿಕ್ಕಮಗಳೂರಿಗೆ ಒಂದು ಹಾಫ್ ಕೊಡಪ್ಪ ಅಂತು ಹುಲಿ. ಇಷ್ಟು ದೊಡ್ಡ ಮೀಸೆ ಬಿಟ್ಕೊಂಡು ಹಾಫ್ ಹೆಂಗೆ ಕೊಡ್ಲಿ ಅಂದ ಅವನು. ನಂಗಿನ್ನೂ ಹನ್ನೆರಡು ತುಂಬಿಲ್ಲಪ್ಪ, ಬೇಕಾದ್ರೆ ನಮ್ಮಮ್ಮನ್ನ ಕರ್ಕೊಂಡು ಬರ್ಲಾ ಅಂತು!

ನಗಿ, ನಗಿ. ಅವಳೂ ಹಿಂಗೇ ನಗ್ತಿದ್ಲು, ಹೊಟ್ಟೆ ಹಿಡ್ಕೊಂಡು. ಎರಡನೇ ಕ್ಲಾಸಲ್ಲಿ ಹೋಗಿ ಅದನ್ನ ಟೀಚರ್ ಎದುರಿಗೆ ಹೇಳಿದಾಳೆ. ಪೇಪರಲ್ಲಿ ಬಂದಿದೆ ಟೀಚರ್, ನಮ್ಮಜ್ಜ ಓದಿದಾರೆ ಅಂತ! ಸರೋಜಮ್ಮ ಟೀಚರು ನನ್ನ ಕರೆಸಿದ್ರು. ಏನು ಲಿಂಗಪ್ಪನವ್ರೇ, ಯಾವ ಪೇಪರ್ ತರಿಸ್ತೀರಿ ನೀವು ಅಂದ್ರು. ನಮ್ಮ ಕಡೆ ಬರೋ ಪೇಪರೇ ಬೇರೆ ಟೀಚರೇ, ನಿಮ್ಮ ಕಡೆ ಬರಲ್ಲ ಅಂದೆ. ಅವರೂ ನಕ್ರು. ಇವಳು ಮಾತ್ರ ನಗ್ಲಿಲ್ಲ. ಮನೆಗೆ ಬಂದೋಳೇ ಪೇಪರ್ ತೆಗೆದು ಒಂದೊಂದೇ ಹಾಳೆ ತಿರುವಿ ತಿರುವಿ ನೋಡಿದ್ಲು. ತುಂಬ ಹೊತ್ತು. ನನ್ನ ಎದೆ ಡವಡವ... ಅಲ್ಲ, ಎದೆ ಯಾಕೆ ಹೊಡ್ಕೋಬೇಕು? ಸುಮ್ನೆ ನೋಡ್ತಿದ್ದೆ. ಆಮೇಲೆ ಪೇಪರ್ ಮಡಿಸಿ ನನ್ನ ತೊಡೆ ಮೇಲಿಟ್ಟು, ಅಜ್ಜ, ಇವತ್ತಿಂದೂ ಓದು ಅಂದ್ಲು. ಪಕ್ಕದಲ್ಲಿ ಕೂತ್ಲು. ಅವತ್ತಿಂದ ನಿನ್ನೆ ಸಂಜೆವರೆಗೂ ಒಂದು ದಿನ ತಪ್ಪಿಸಿಲ್ಲ. ಪಿಯುಸಿ ಪರೀಕ್ಷೆ ಹಿಂದಿನ ದಿನನೂ. ನಾನು ಓದಿದ್ದು ಸಾಕು, ಈಗ ನೀನು ಓದು ಅಂತ ಪೇಪರ್ ತಂದು ಕೊಡೋಳು.

ಅದನ್ನ ಹಂಗೇ ಬರೀರಿ. ಹುಲಿ, ಹಾಫ್ ಟಿಕೆಟ್, ಎಲ್ಲ.

ಮತ್ತೆ... ಇದನ್ನೂ ಹಾಕಿ. ನೀನು ಬರೋ ನಾಲ್ಕೂವರೆ ಬಸ್ಸಿಗೆ ನಾನು ಸ್ಟಾಪಿಗೆ ಬಂದು ನಿಲ್ತಿದ್ನಲ್ಲ, ಇನ್ಮೇಲೆ ಆ ಹೊತ್ತಿಗೆ ಎಂತ ಮಾಡೋದು ಅಂತ ಯೋಚನೆ ಮಾಡಿದೀನಿ. ಬರ್ತೀನಿ, ನಿಲ್ತೀನಿ. ಬಸ್ ಡ್ರೈವರ್ ಏನು ಅಜ್ಜ ಯಾರೂ ಇಲ್ವಲ್ಲ ಅಂತಾನೆ. ಸುಮ್ನೆ ಬಸ್ ಸರಿಯಾಗಿ ಬರ್ತದಾ ಅಂತ ನೋಡಕ್ಕೆ ಬಂದೆ ಮಾರಾಯ ಅಂತೀನಿ. ಮನೇಲಿ ನಿನ್ನ ತಟ್ಟೆ ಮೇಲಿನ ಗೂಡಲ್ಲಿ ಇಟ್ಟಿದೀನಿ. ಕೆಳಗಿದ್ರೆ ಎರಡು ತಟ್ಟೆ ಕೈಗೆ ಬರ್ತವೆ.

ಎಂತ ಮಾರಾಯ್ರೆ... ಕಣ್ಣು ಒರೆಸ್ಕೊಳ್ತೀರಿ? ಛೆ, ಛೆ. ನಾನು ಹೇಳಿದ್ದಕ್ಕಾ? ಬರೀತಾ ಬರೀತಾ ನಿಮಗೇ ಅಳು ಬಂತಾ! ನೋಡಿದ್ರಾ, ಲಿಂಗಪ್ಪ ಬಾಯಿ ಬಿಟ್ರೆ ಕಲ್ಲೂ ನೆನೀತದೆ. ಇಡೀ ಪುಟ ತುಂಬಿಸಿದೀರಲ್ಲ. ಎಲ್ಲಿ, ಕೊಡಿ ಇಲ್ಲಿ, ಒಂದ್ಸಲ ಓದಿ ನೋಡ್ತೀನಿ. ಯಾಕೆ ಹಿಡ್ಕೊಳ್ತೀರಿ, ಬಿಡಿ ಮಾರಾಯ್ರೆ, ನನ್ನ ಕಾಗದ ನಾನು ನೋಡಬಾರ್ದಾ?

ಹ್ಞೂ... ಹ್ಞೂ... ಆಹಾ. ಎಂತ ಅಕ್ಷರ! ಇಲ್ಲಿ ಮೇಲೆ ನಾಗಶ್ರೀಗೆ ಆಶೀರ್ವಾದ, ಸರಿಯಾಗಿದೆ. ಇಲ್ಲಿ ನಲವತ್ತು ಆಳು. ಇದು... ಇಲ್ಲಿ ಹುಲಿ ಬಸ್ ಹತ್ತಿದ್ದು, ಅಲ್ವಾ? ಹೇಳಿದ ಹಂಗೇ ಬರೆದಿದೀರಿ, ಒಂದಕ್ಷರ ಆಚೆ ಈಚೆ ಇಲ್ಲ. ಚೆನ್ನಾಗಿದೆ, ಬಹಳ ಚೆನ್ನಾಗಿದೆ...

ಯಾಕೆ ಅಲ್ಲ ಅಂತೀರಿ?

ಎಂತ ತೋರಿಸ್ತೀರಿ? ನನ್ನ ತೊಡೆ ಮೇಲಾ? ಇದು ಅವರು ಕೊಟ್ಟ ಹಾಳೆ. ನನ್ನ ಹಾಳೆ. ಇದ್ರಲ್ಲಿ ಏನೂ... ಖಾಲಿ ಇದೆ ಇದು. ಹಂಗಾದ್ರೆ ನನ್ನ ಕೈಲಿರೋದು...

ನಿಮ್ಮದು. ನಂದನ್‌ಗೆ ಬರೆದಿದ್ದು.

ನೀವು ತಲೆ ಆಡ್ಸಿದ್ದು ಸುಮ್ನೆ ಮರ್ಯಾದೆಗೆ. ಮುದುಕ ಏನೋ ಮಾತಾಡ್ತಾನೆ ಅಂತ. ಸರಿ, ಸರಿ. ತಗೊಳ್ಳಿ, ತಗೊಳ್ಳಿ, ಬೆರಳಿನ ಗುರುತು ಆಗಿಲ್ಲ. ತಪ್ಪು ತಿಳ್ಕೋಬೇಡಿ, ಕನ್ನಡಕ ಇಲ್ದೆ ನಂಗೆ... ದೂರದ್ದು ಗಿಡುಗನ ಹಂಗೆ ಕಾಣ್ತದೆ, ಹತ್ತಿರದ್ದು ಮಾತ್ರ ಸ್ವಲ್ಪ...

ಏನಾದ್ರೂ ಹೇಳಿ ಮಾರಾಯ್ರೆ. ಬೈರಿ ಬೇಕಾದ್ರೆ. ನಗಿ. ಆಗ ಹಂಗೆ ನಗ್ತಿದ್ರಲ್ಲ.

ಇಲ್ಲ. ಕನ್ನಡಕ ಇಲ್ಲ. ಮನೇಲೂ ಇಲ್ಲ. ಕನ್ನಡಕದ ಮಾತು ನಂದಲ್ಲ ಅದು. ನಾಗಶ್ರೀ ಹೇಳಿಕೊಟ್ಟಿದ್ದು. ಬೆಳಿಗ್ಗೆ ಬಸ್ಸಿಗೆ ಕಾಯ್ತಾ ನಿಂತಿದ್ವಿ. ಅಜ್ಜ, ಅಲ್ಲಿ ಏನಾದ್ರೂ ಬರೀರಿ, ಓದಿ ಅಂತ ಕೊಟ್ರೆ ಕನ್ನಡಕ ಮರೆತು ಬಂದೆ ಅನ್ನು ಅಂದ್ಲು. ನಾನು ನಕ್ಕುಬಿಟ್ಟೆ. ನಾನೆಲ್ಲೇ ಕನ್ನಡಕ ಹಾಕ್ತೀನಿ, ಹುಚ್ಚಿ ಅಂದೆ. ಅವಳು ನಗ್ಲಿಲ್ಲ. ನನ್ನ ಅಂಗಿ ಕಾಲರ್ ಸರಿ ಮಾಡಿದ್ಲು. ಸುಮ್ನೆ ಹಂಗೆ ಅನ್ನು ಅಜ್ಜ ಅಂದ್ಲು.

ಅಂದ್ರೆ...

ಎರಡನೇ ಕ್ಲಾಸು. ಪೇಪರ್ ತಿರುವಿ ನೋಡಿದ್ಲಲ್ಲ ಅವತ್ತು. ಎರಡನೇ ಕ್ಲಾಸಲ್ಲಿ ಮಕ್ಕಳಿಗೆ ಓದಕ್ಕೆ ಬರ್ತದಾ? ಹೇಳಿ ಯೋಗೇಶವ್ರೇ, ನಿಮ್ಮ ಮಗನಿಗೆ ಆಗ ಬರ್ತಿತ್ತಾ? ... ಬರ್ತಿತ್ತು. ನೀವು ಹೇಳೋದು ಬೇಡ, ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತದೆ.

ನಾನು ಬೆಳಿಗ್ಗೆ ಮಲ್ಲೇಶನ ಅಂಗಡಿ ಬೆಂಚಲ್ಲಿ ಕೂತು, ಯಾರೋ ಜೋರಾಗಿ ಓದೋದನ್ನ ಕೇಳಿ, ಅರ್ಧ ನೆನಪಿಟ್ಕೊಂಡು, ಇನ್ನರ್ಧ ಕಟ್ಟಿ ಓದ್ತಿದ್ದೆ. ಎಷ್ಟು ಜಾಣ ನಾನು, ಮಗೂಗೆ ಗೊತ್ತೇ ಆಗ್ಲಿಲ್ಲ ಅಂತ ಒಳಗೊಳಗೇ ಬೀಗ್ತಿದ್ದೆ. ಹತ್ತು ಹನ್ನೊಂದು ವರ್ಷ! ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ತಂದು ತೊಡೆ ಮೇಲಿಡೋಳು. ಓದು ಅನ್ನೋಳು.

ಇವತ್ತು ಸಂಜೆನೂ ಪೇಪರ್ ಬಂದು ಬಿದ್ದಿರ್ತದೆ. ಯಾರಿಗೆ ಓದ್ಲಿ?

ಏನು, ಏನು... ನನ್ನ ಹಾಳೆ ಯಾಕೆ ತಗೊಂಡ್ರಿ? ಬರೀತೀರಾ? ಈಗ ನಿಜವಾಗ್ಲೂ? ಬೇಡ ಮಾರಾಯ್ರೆ. ನಿಮ್ಮ ಅಕ್ಷರ ನೋಡಿದ್ರೆ ಅವಳಿಗೆ ಇದು ನಂದಲ್ಲ ಅಂತ ಗೊತ್ತಾಗ್ತದೆ. ಗೊತ್ತಾಗೇ ಆಗ್ತದೆ. ಕವರ್ ಮೇಲೆ ಹೆಸರು ಮಾತ್ರ ಬರೆದುಕೊಡಿ. ದೊಡ್ಡದಾಗಿ.

ಆಯ್ತಾ? ... ಇದಾ? ಇದೇನಾ ನಾಗಶ್ರೀ?

ಇಷ್ಟೇನಾ. ಮೂರೇ ಮೂರು ಅಕ್ಷರ. ಈ ಕೊನೇದು ನೋಡಿ, ಕುಂಬಳಕಾಯಿ ಬಳ್ಳಿ ಹಂಗೆ ಸುತ್ಕೊಂಡಿದೆ. ಹದಿನಾಲ್ಕು ವರ್ಷ ತೋಟದ ಈ ತುದಿಯಿಂದ ಆ ತುದಿಗೆ ಕೇಳೋ ಹಂಗೆ ಕೂಗಿದೀನಿ ಈ ಹೆಸರು. ಹಿಂಗಿರ್ತದೆ ಅಂತ ನೋಡಿರ್ಲಿಲ್ಲ.

ಐದೇ ನಿಮಿಷ ಅಂತಿದಾರೆ ಮೇಡಂ. ಕಾಯ್ತಾರೆ, ಕಾಯ್ಲಿ. ಇದನ್ನ ನೋಡ್ಕೊಂಡು ಹಾಳೆ ಮೇಲೆ ನಾನೇ ಬರೀತೀನಿ. ಬೇರೆ ಏನೂ ಬೇಡ, ಇದೊಂದು. ಸೊಟ್ಟ ಆದ್ರೆ ಆಗ್ಲಿ.

ಪೆನ್ನು ಕೊಡಿ. ಇದೇ ಕೈ ನೋಡಿ. ಕಾಟಿ ಕೊಂಬು ಹಿಡಿದ ಕೈ ಅಂದೆನಲ್ಲ... ಹಿಡೀಲಿಲ್ಲ ಮಾರಾಯ್ರೆ. ಮರ ಹತ್ತಿ ಕೂತಿದ್ದೆ, ಕತ್ತಲಾಗೋವರೆಗೆ.

ಇದನ್ನ ಹೆಂಗೆ ಹಿಡೀತಾರೆ, ಸ್ವಲ್ಪ ತೋರ್ಸಿ.