ಮುಷ್ಟಿ ಹೋಗುವಷ್ಟು ಜಾಗ

ಕಡಲದಂಡೆಯ ಊರೊಂದರಲ್ಲಿ ಒಬ್ಬ ದಿನಸಿ ಸಾಹುಕಾರ ಇದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಆ ಮನೆ ಎಲ್ಲಿ, ಈಗ ಅಲ್ಲಿ ಯಾರಿದ್ದಾರೆ ಅಂತ ಹುಡುಕಲು ಹೊರಡುತ್ತೀರಿ. ಸಾಹುಕಾರ. ಅಷ್ಟು ಸಾಕು.

ಈ ಸಾಹುಕಾರನಿಗೆ ಒಂದು ವಿದ್ಯೆ ಕರಗತವಾಗಿತ್ತು. ಯಾವ ವಿದ್ಯೆ? ಗಂಟು ಹಾಕುವ ವಿದ್ಯೆ. ಬೆಲ್ಲದ ಮೂಟೆಯಿರಲಿ, ಒಣಮೆಣಸಿನ ಚೀಲವಿರಲಿ, ಸೆಣಬಿನ ಹಗ್ಗ ಸುತ್ತಿ, ಮೊಣಕಾಲು ಊರಿ, ಹಲ್ಲು ಕಚ್ಚಿ ಎಳೆದು ಒಂದು ಗಂಟು ಬಿಗಿದನೆಂದರೆ ಮುಗಿಯಿತು. ಮೂಟೆ ಗಾಡಿಯಿಂದ ಉರುಳಿ ಹೊಂಡಕ್ಕೆ ಬಿದ್ದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಕೊಂಡವರು ಮನೆಗೆ ಹೋಗಿ ಕತ್ತಿ ಹುಡುಕಿ, ಅವನಿಗೆ ನಾಲ್ಕು ಶಾಪ ಹಾಕಿಯೇ ಬಿಚ್ಚಬೇಕು. ಅವನಿಗೋ ಅದೇ ಹೆಮ್ಮೆ.

ಮನೆಯಲ್ಲೂ ಇದೇ ಕಥೆ. ಉಗ್ರಾಣದ ಬೀಗದ ಕೈ ಅವನ ಸೊಂಟದ ದಾರದಲ್ಲಿ. ಹೆಂಡತಿ ಮೂವತ್ತು ವರ್ಷ ಸಂಸಾರ ಮಾಡಿದವಳು, ಒಂದು ಸೇರು ಅಕ್ಕಿ ಬೇಕಾದರೂ ಗಂಡನ ಸೊಂಟದ ಮುಂದೆ ಕೈ ಚಾಚಿ ನಿಲ್ಲಬೇಕು. ಮಗನಿಗೆ ಮದುವೆಯಾಗಿ ಎರಡು ಮಕ್ಕಳು. ಅಂಗಡಿಗೆ ಬಂದ ಗಿರಾಕಿಗೆ 'ಬೆಲ್ಲ ಚೆನ್ನಾಗಿದೆ' ಅನ್ನಬೇಕಾದರೂ ಅವನು ಮೊದಲು ಅಪ್ಪನ ಮುಖ ನೋಡಬೇಕು. ಹಾಗಾದರೆ ಸಾಹುಕಾರ ಕೆಟ್ಟವನೇ? ಅಲ್ಲ, ನೋಡಿ, ಅಲ್ಲಿಯೇ ಇರುವುದು ಕಷ್ಟ. ಅವನಿಗೆ ಪ್ರೀತಿ ಇತ್ತು. ಬೇಕಾದಷ್ಟು ಇತ್ತು. ಬಿಗಿಯಾಗಿ ಹಿಡಿಯದಿದ್ದರೆ ಎಲ್ಲಿ ಜಾರಿ ಹೋಗುತ್ತಾರೋ ಅನ್ನುವ ಹೆದರಿಕೆಯೂ ಅಷ್ಟೇ ಇತ್ತು. ಪ್ರೀತಿಗೆ ಹೆದರಿಕೆ ಸೇರಿದರೆ ಏನಾಗುತ್ತದೆ? ಗಂಟಾಗುತ್ತದೆ.

ಇಂಥವನು ಒಂದು ವರ್ಷ ಮಂಜಿ ಕೊಂಡ. ಮಂಜಿ ಅಂದರೆ ಹಾಯಿ ಕಟ್ಟಿ ಸರಕು ಸಾಗಿಸುವ ದೊಡ್ಡ ದೋಣಿ. ಅದನ್ನು ನಡೆಸಲು ಹೆರಿಯ ಮರಕಾಲ ಅನ್ನುವ ಹಳೆಯ ತಾಂಡೇಲನನ್ನು ಇಟ್ಟ. ತಾಂಡೇಲನ ಕೈಕೆಳಗೆ ಐದು ಮಂದಿ ಖಲಾಸಿಗಳು. ಹಂಚು ತುಂಬಿಸಿಕೊಂಡು ಬಡಗು ದಿಕ್ಕಿಗೆ ಮೊದಲ ಪಯಣ. 'ನಾನೂ ಬರುತ್ತೇನೆ' ಅಂತ ಸಾಹುಕಾರ ಹೊರಟ. ಯಾಕೆ ಹೇಳಿ? ನಂಬಿಕೆ ಇಲ್ಲ. ತನ್ನ ಕಣ್ಣ ಮುಂದೆ ಆದರೆ ಮಾತ್ರ ಕೆಲಸ, ಇಲ್ಲದಿದ್ದರೆ ಅಲ್ಲ.

ಈಗ ಮಂಜಿಯ ವಿಷಯ ಎರಡು ಮಾತು ಕೇಳಿ, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಮಂಜಿಯ ನಡುವೆ ನಿಂತ ಕಂಬಕ್ಕೆ ಕೂವೆ ಅನ್ನುತ್ತಾರೆ. ಹಾಯಿಯನ್ನು ಕೂವೆಗೆ ನೇರವಾಗಿ ಕಟ್ಟುವುದಿಲ್ಲ. ಒಂದು ಉದ್ದನೆಯ ಅಡ್ಡಮರಕ್ಕೆ ಕಟ್ಟಿ, ಆ ಅಡ್ಡಮರವನ್ನು ಮೇಲಕ್ಕೆ ಎಳೆಯುತ್ತಾರೆ. ಅದು ಗಾಳಿಗೆ ಕೂವೆಯನ್ನು ಬಿಟ್ಟು ಆಚೆ ಹಾರಬಾರದಲ್ಲ? ಅದಕ್ಕೆ ಎರಡನ್ನೂ ಸೇರಿಸಿ ಹಗ್ಗದ ಒಂದು ಬಳೆ. ತೆಂಗಿನ ನಾರಿನ ಕತ್ತದ ಹಗ್ಗ, ಅದರಲ್ಲಿ ಪೋಣಿಸಿದ ಮರದ ಮಣಿಗಳು. ಮಣಿ ಉರುಳಿದ ಹಾಗೆ ಅಡ್ಡಮರ ಏರುತ್ತದೆ, ಇಳಿಯುತ್ತದೆ. ಕಡಲಿನವರು ಅದಕ್ಕೆ ಏನೆನ್ನುತ್ತಾರೋ ಬಿಡಿ, ನಾವು ಕೊರಳಹಗ್ಗ ಅನ್ನೋಣ.

ಹಾಯಿ ಏರಿಸುವ ಮುಂಚೆ ದಿನಾ ಬೆಳಿಗ್ಗೆ ಹೆರಿಯನದು ಒಂದು ಪದ್ಧತಿ. ಕೂವೆಗೆ ಮೀನೆಣ್ಣೆ ಸವರುತ್ತಿದ್ದ. ಆಮೇಲೆ ಕೊರಳಹಗ್ಗಕ್ಕೂ ಕೂವೆಗೂ ನಡುವೆ ತನ್ನ ಮುಷ್ಟಿ ತೂರಿಸಿ ಒಮ್ಮೆ ತಿರುಗಿಸಿ ನೋಡುತ್ತಿದ್ದ. ಹೊರಟ ಮೊದಲ ದಿನವೇ ಸಾಹುಕಾರ ಇದನ್ನು ಕಂಡ.

"ಎಂತ ಮಾರಾಯ ಇದ್, ಇಷ್ಟ್ ಸಡ್ಲ! ಮುಷ್ಟಿ ಹೋತಿತ್ತಲ್ಲ!"

"ಹೋಯ್ಕ್ ಒಡೇರೆ," ಅಂದ ಹೆರಿಯ. "ಒಂದ್ ಮುಷ್ಟಿ ಹೋಯ್ಕ್. ಎರಡ್ ಮುಷ್ಟಿ ಹೋಪುಕಾಗ."

ಎಷ್ಟು ಸಣ್ಣ ಮಾತು! ಒಂದು ಮುಷ್ಟಿ ಹೋಗಬೇಕು, ಎರಡು ಹೋಗಬಾರದು. ಸಾಹುಕಾರನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. 'ನಾಲ್ಕಾಳು ಹೊರುವ ಮರ, ಅದರ ಮೇಲೆ ನನ್ನ ಹೊಸ ಹಾಯಿ. ಇಷ್ಟನ್ನೂ ಈ ಮುದುಕ ಒಂದು ಸಡಿಲು ಬಳೆಗೆ ಬಿಟ್ಟಿದ್ದಾನಲ್ಲ' ಅನ್ನುವುದೇ ಯೋಚನೆ. ಊಟ ಮಾಡುವಾಗ ಕಣ್ಣು ಅಲ್ಲಿಗೇ, ಮಾತಾಡುವಾಗಲೂ ಅಲ್ಲಿಗೇ.

ಮೂರನೆಯ ದಿನ ಮಧ್ಯಾಹ್ನ ಗಾಳಿ ನಿಂತಿತು. ಅಡ್ಡಮರವನ್ನು ಎದೆಮಟ್ಟಕ್ಕೆ ಇಳಿಸಿ ಇಟ್ಟರು. ನಸುಕಿನಿಂದ ಚುಕ್ಕಾಣಿ ಹಿಡಿದಿದ್ದ ಹೆರಿಯ ಚುಕ್ಕಾಣಿಯನ್ನು ಒಬ್ಬ ಖಲಾಸಿಗೆ ಒಪ್ಪಿಸಿ, ಚಪ್ಪರದ ನೆರಳಲ್ಲಿ ಮಲಗಿ ಗೊರಕೆ ಹೊಡೆದ. ಸಾಹುಕಾರನಿಗೆ ಸಿಕ್ಕಿತಲ್ಲ ಸಮಯ! ತನ್ನ ಚೀಲದಿಂದ ಸೆಣಬಿನ ಹಗ್ಗ ತಂದ. ಮಣಿಯ ಬಳೆಯನ್ನು ಬಿಚ್ಚಿ ಮೂಲೆಗೆ ಎಸೆದ. ಅಡ್ಡಮರವನ್ನೂ ಕೂವೆಯನ್ನೂ ಸೇರಿಸಿ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು, ನಾಲ್ಕು ಸುತ್ತು. ಮೊಣಕಾಲು ಊರಿದ, ಹಲ್ಲು ಕಚ್ಚಿದ, ಎಳೆದ. ಬೆಲ್ಲದ ಮೂಟೆಗೆ ಹಾಕುವ ಅದೇ ಗಂಟು.

ಸ್ವಲ್ಪ ಹೊತ್ತಿಗೆ ಗಾಳಿ ಬೀಸಿತು. "ಏರ್ಸಿ ಹಾಯಿ," ಅಂದ ಸಾಹುಕಾರ.

ಒಬ್ಬ ಖಲಾಸಿ ತಲೆ ಕೆರೆದುಕೊಂಡ. "ತಾಂಡೇಲ್ರಿಗೆ ಒಂದ್ ಮಾತ್ ಹೇಳ್ಕಲ್ದಾ ಒಡೇರೆ?"

"ಮಂಜಿ ಯಾರದ್? ತಾಂಡೇಲಂದಾ, ನಂದಾ?"

ಖಲಾಸಿಗಳು ಎಳೆದರು. ಒಣ ಹಗ್ಗ, ಎಣ್ಣೆ ಸವರಿದ ಕೂವೆ. ಕಿರ್ ಕಿರ್ ಅನ್ನುತ್ತ ಹೇಗೋ ಏರಿತು. ಸಾಹುಕಾರ ಕೆಳಗೆ ನಿಂತು ನೋಡಿದ. ಅಡ್ಡಮರ ಅಲ್ಲಾಡಲಿಲ್ಲ. ಅಬ್ಬಾ! ಮೂರು ದಿನದಲ್ಲಿ ಮೊದಲ ಸಲ ಅವನ ಮನಸ್ಸಿಗೆ ನೆಮ್ಮದಿಯಾಯಿತು.

ಆಗ ಚಿತ್ತೆ ಮಳೆಯ ದಿನಗಳು. ಬೆಳಿಗ್ಗೆ ಬಿಸಿಲು, ಇಳಿಹೊತ್ತಿಗೆ ಗುಡುಗು. ಮೂಡುದಿಕ್ಕಿನಲ್ಲಿ ಘಟ್ಟದ ಮೇಲೆ ಕಪ್ಪು ಕಟ್ಟಿ, ನೋಡನೋಡುತ್ತಿದ್ದ ಹಾಗೆ ಕಡಲಿಗೆ ಇಳಿಯಿತು. ಮಳೆ ಹೊಡೆಯಿತು. ಸೆಣಬಿನ ಹಗ್ಗ ನೆನೆದರೆ ಏನಾಗುತ್ತದೆ? ಇಲ್ಲಿರುವ ತಾಯಂದಿರಿಗೆ ಗೊತ್ತು, ಬಟ್ಟೆ ಒಣಹಾಕುವ ಹಗ್ಗ ಮಳೆಗೆ ಬಿಗಿದು ನಿಲ್ಲುವುದನ್ನು ಕಂಡಿದ್ದೀರಿ. ಸಾಹುಕಾರನಿಗೆ ಗೊತ್ತಿರಲಿಲ್ಲ. ಅವನ ಗಂಟುಗಳೆಲ್ಲ ಅಂಗಡಿಯ ಒಳಗಿನ ಗಂಟುಗಳು. ಒಂದೂ ಮಳೆ ಕಂಡಿರಲಿಲ್ಲ.

ಗಾಳಿ ಬಡಿದ ಸದ್ದಿಗೆ ಹೆರಿಯ ಎದ್ದು ಚುಕ್ಕಾಣಿಗೆ ಹಾರಿದ. "ಹಾಯಿ ಇಳ್ಸಿ! ಇಳ್ಸಿ!"

ಖಲಾಸಿಗಳು ಎಳೆಹಗ್ಗ ಬಿಟ್ಟರು. ಅಡ್ಡಮರ ಇಳಿಯಲಿಲ್ಲ. ಜಗ್ಗಿದರು, ಜೋತುಬಿದ್ದರು. ಇಳಿಯಲಿಲ್ಲ. ಹಾಯಿ ಗಾಳಿ ತುಂಬಿಕೊಂಡು ಮಂಜಿಯನ್ನು ಒಂದು ಮಗ್ಗುಲಿಗೆ ಒತ್ತಿತು. ಒಳಗೆ ಹಂಚು ಸರಿದು ಸದ್ದಾಯಿತು. ತಗ್ಗಿದ ಕಡೆಯಿಂದ ನೀರು ಒಳಕ್ಕೆ ಬಂತು. ಹಾಯಿ ಇಳಿದರೆ ಏಳು ಜನ ಉಳಿಯುತ್ತಾರೆ, ಇಳಿಯದಿದ್ದರೆ ಏಳೂ ಜನ ಕಡಲಿಗೆ. ಅಷ್ಟೇ ಲೆಕ್ಕ.

ಹೆರಿಯ ಕತ್ತೆತ್ತಿ ನೋಡಿದ. ಮಣಿಯ ಬಳೆ ಇಲ್ಲ. "ಯಾರ್ ಕಟ್ಟಿದ್ದ್ ಅದನ್ನ?"

ಆ ಹೊತ್ತಿನಲ್ಲಿ ಸಾಹುಕಾರ ಒಂದು ಒಳ್ಳೆಯ ಕೆಲಸ ಮಾಡಿದ, ಅದನ್ನು ಹೇಳದೆ ಬಿಡಬಾರದು. ತಪ್ಪನ್ನು ಖಲಾಸಿಯ ಮೇಲೆ ಹಾಕಲಿಲ್ಲ. "ನಾನ್. ನಾನೇ ಕಟ್ಟಿದ್ದ್ ಹೆರಿಯ. ಕಡ್ದ್ ಬಿಡು ಅದನ್ನ!"

"ಕಡೂಕಾಗ! ಪೂರ್ತಿ ಕಡ್ದ್ರೆ ಮರ ಕೂವೆ ಬಿಟ್ಟ್ ಹಾರತ್ತ್. ಯಾರ ತಲೆ ಎಲ್ಲಿಗ್ ಹೋತ್ತ್ ಅಂದೇಳಿ ಹೇಳೂಕಾತಿಲ್ಲ. ಮೂರ್ ಸುತ್ತ್ ಬಿಚ್ಕ್, ನಾಕ್ನೇದ್ ಸಡ್ಲ ಮಾಡ್ಕ್. ಹಗ್ಗದ ಕೊಡಿ ಎಲ್ಲಿತ್ತಂದ್ ಗಂಟ್ ಹಾಕ್ದವ್ರಿಗೇ ಗೊತ್ತ್. ನೀವೇ ಹತ್ತ್ಕ್ ಒಡೇರೆ."

ಅವನು ಹತ್ತುವುದೆಂದರೆ! ಆ ಹೊಟ್ಟೆ, ಆ ಮೈ! ಮೂಟೆ ಎತ್ತಲೆಂದು ಕೂವೆಯ ತುದಿಯಿಂದ ಇಳಿಬಿಟ್ಟ ಇನ್ನೊಂದು ಹಗ್ಗ ಇತ್ತು. ಹಂಚು ತುಂಬಿದ್ದು ಅದರಿಂದಲೇ. ಹೆರಿಯ ಚುಕ್ಕಾಣಿಯನ್ನು ಒಬ್ಬ ಖಲಾಸಿಗೆ ಕೊಟ್ಟು, ಅದರ ಕೊನೆಯನ್ನು ಸಾಹುಕಾರನ ಸೊಂಟಕ್ಕೆ ಕಟ್ಟಿದ.

"ಇನ್ನೂ ಬಿಗಿ ಕಟ್ಟ್ ಮಾರಾಯ, ಬಿದ್ದ್ ಹೋತೆ!"

"ಬಿಗಿ ಕಟ್ರೆ ಉಸ್ರ್ ಕಟ್ಟತ್ತ್. ಮೇಲೆ ಹೋಯಿ ಕೈ ಆಡ್ಸುಕೆ ಉಸ್ರ್ ಬೇಕಲ್ದಾ?" ಅಂದ ಹೆರಿಯ. ಆಮೇಲೆ ಏನು ಮಾಡಿದ ಗೊತ್ತೇ? ಸಾಹುಕಾರನ ಹೊಟ್ಟೆಗೂ ಹಗ್ಗಕ್ಕೂ ನಡುವೆ ತನ್ನ ಮುಷ್ಟಿ ತೂರಿಸಿ ನೋಡಿದ. ಹೋಯಿತು. "ಎಳೀರಾ!" ಅಂದ.

ನಾಲ್ಕು ಜನ ಎಳೆದರು. ಬೆಲ್ಲದ ಮೂಟೆ ಮೇಲೇರಿದ ಹಾಗೆ ಸಾಹುಕಾರ ಮೇಲೇರಿದ. ಕೆಳಗೆ ಕಡಲು, ಮೇಲೆ ಸಿಡಿಲು, ಸೊಂಟದಲ್ಲಿ ಒಂದು ಸಡಿಲ ಹಗ್ಗ. ಹುಟ್ಟಿದಾಗಿನಿಂದ ಇನ್ನೊಬ್ಬರು ಹಾಕಿದ ಗಂಟನ್ನು ನಂಬದವನು ಈಗ ಇನ್ನೊಬ್ಬನ ಗಂಟಿಗೇ ಜೀವ ಒಪ್ಪಿಸಿ ನೇತಾಡುತ್ತಿದ್ದಾನೆ. ಹಗ್ಗ ಜಾರಲಿಲ್ಲ. ಉಸಿರೂ ಕಟ್ಟಲಿಲ್ಲ.

ತನ್ನ ಗಂಟಿಗೆ ಕೈ ಹಾಕಿದ. ನೆನೆದ ಸೆಣಬು ಊದಿ ಕಲ್ಲಾಗಿತ್ತು. ಉಗುರು ಕಿತ್ತುಬಂತು. ಹಲ್ಲು ಹಾಕಿದ, ವಸಡಿನಲ್ಲಿ ರಕ್ತ ಬಂತು. ಮೂವತ್ತು ವರ್ಷದ ಗಿರಾಕಿಗಳ ಶಾಪವೆಲ್ಲ ಒಂದೇ ಗಂಟಿನಲ್ಲಿ ಕೂತಿತ್ತು. ಮಾಡಿದ್ದುಣ್ಣೋ ಮಹಾರಾಯ! ಅಳುತ್ತಲೇ ಹಗ್ಗದ ತುದಿ ಬಿಡಿಸಿದ. ಒಂದು ಸುತ್ತು ಹೋಯಿತು, ಎರಡು ಹೋಯಿತು, ಮೂರು ಹೋಯಿತು. ನಾಲ್ಕನೆಯದನ್ನೂ ಕಿತ್ತು ಎಸೆಯೋಣ ಅನ್ನಿಸಿತು. ತಡೆದ. ಹಗ್ಗವನ್ನು ಎಳೆದು ಸಡಿಲಿಸಿ, ನಡುವೆ ತನ್ನ ಮುಷ್ಟಿ ತೂರಿಸಿದ. ಮತ್ತೆ ತೂರಿಸಿದ. ಹೋಯಿತು!

"ಮುಷ್ಟಿ ಹೋಯ್ತ್!" ಕೂಗಿದ. "ಹೆರಿಯಾ, ಮುಷ್ಟಿ ಹೋಯ್ತ್!" ಅಂದವನೇ ಕೈ ಹೊರಗೆಳೆದು, ತುದಿಯನ್ನು ಒಂದೆಳೆತಕ್ಕೆ ಬಿಚ್ಚುವ ಹಾಗೆ ಸಿಕ್ಕಿಸಿದ.

ಅಡ್ಡಮರ ಜರ್ರನೆ ಇಳಿಯಿತು. ಹಾಯಿ ಮಡಚಿಕೊಂಡು ಬಿತ್ತು. ಮಂಜಿ ಒಂದು ಸಲ ನಡುಗಿ ನೆಟ್ಟಗಾಯಿತು. ಖಲಾಸಿಗಳು ನೀರು ಗೋರುವುದಕ್ಕೆ ಬಿದ್ದರು, ಹೆರಿಯ ಚುಕ್ಕಾಣಿಗೆ ಹೋದ. ಗಾಳಿ ಅರ್ಧ ಗಳಿಗೆಯಲ್ಲಿ ದಾಟಿಹೋಯಿತು. ಆಮೇಲೆ ಒಬ್ಬ ತಲೆಯೆತ್ತಿ, "ಅಯ್ಯೋ, ಒಡೇರ್ ಮೇಲೇ ಇದ್ರಲೆ!" ಅಂದ. ಪಾಪ, ಮರೆತೇಬಿಟ್ಟಿದ್ದರು.

ಒಂದಿಷ್ಟು ಹಂಚು ಪುಡಿಯಾಯಿತು, ಒಲೆ ನೀರುಪಾಲಾಯಿತು. ಜೀವ ಏಳೂ ಉಳಿಯಿತು. ಸಾಹುಕಾರ ಇಳಿದು ಬಂದವನು, ತಾಂಡೇಲನಿಗೆ ಹೇಳೋಣ ಅಂದಿದ್ದ ಖಲಾಸಿಯ ಮುಂದೆ ನಿಂತು, "ನೀ ಹೇಳಿದ್ದ್ ನಾ ಕೇಣ್ಕಿತ್ತ್," ಅಂದ. ಕೇಳಬೇಕಿತ್ತಂತೆ! ಮೂಲೆಯಲ್ಲಿ ಬಿದ್ದಿದ್ದ ಮಣಿಯ ಬಳೆಯನ್ನು ತಾನೇ ಹೆಕ್ಕಿ ಹೆರಿಯನ ಕೈಗೆ ಕೊಟ್ಟ. ಒಲೆ ಇಲ್ಲದ ಮೇಲೆ ಗಂಜಿ ಎಲ್ಲಿ? ಎಲ್ಲರೂ ಸಾಹುಕಾರನ ಅವಲಕ್ಕಿ ಚೀಲದ ಸುತ್ತ ಕೂತರು. ಚೀಲದ ಬಾಯಿಗೆ ಯಾರ ಗಂಟು? ಅವನದೇ!

"ಬಿಚ್ಚಿ ಒಡೇರೆ," ಅಂದ ಹೆರಿಯ, "ಇವತ್ತ್ ಕೈ ಪಳಗಿತ್ತಲ್ದಾ." ಆರೂ ಜನ ನಕ್ಕರು. ಸಾಹುಕಾರನೂ ನಕ್ಕ, ವಸಡು ಉರಿಯುತ್ತಿದ್ದರೂ ನಕ್ಕ.

ಹದಿನೈದು ದಿನಕ್ಕೆ ಊರಿಗೆ ಬಂದ. ಕಾಲು ತೊಳೆದು ನೇರ ಅಡುಗೆಮನೆಗೆ ಹೋಗಿ, ಸೊಂಟದ ದಾರದಿಂದ ಬೀಗದ ಕೈ ಬಿಚ್ಚಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ. ಹೆಂಡತಿ ಬೆರಗಾಗಿ ನೋಡಿದಳು. "ಹುಷಾರಿಲ್ಯಾ ನಿಮ್ಗೆ? ಜ್ವರ ಬಂತಾ? ಗಂಜಿ ಕಾಸ್ಕಾ?"

"ಜ್ವರ ಬಿಟ್ಟಿತ್," ಅಂದ ಸಾಹುಕಾರ.

ಮರುದಿನ ಅಂಗಡಿಯಲ್ಲಿ ಮಗ ಗಿರಾಕಿಗೆ ಏನೋ ಹೇಳಲು ಹೊರಟು ಅಭ್ಯಾಸದಂತೆ ಅಪ್ಪನ ಕಡೆ ತಿರುಗಿದ. ಅಪ್ಪ ತಕ್ಕಡಿ ಒರೆಸುತ್ತ ಕೂತಿದ್ದ. ನಾಲಿಗೆ ತುರಿಸುತ್ತಿತ್ತು, ಆದರೂ ಕೂತಿದ್ದ. ಮಗ ತಾನೇ ಮಾತಾಡಿದ, ತಾನೇ ವ್ಯಾಪಾರ ಮುಗಿಸಿದ. ಹಾಗಂತ ಸಾಹುಕಾರ ಅಂಗಡಿ ಬಿಟ್ಟು ಕಾಶಿಗೆ ಹೋಗಲಿಲ್ಲ. ದಿನಾ ಬಂದು ಕೂರುತ್ತಿದ್ದ. ಮಗ ನೀರೊಡೆದ ಬೆಲ್ಲ ಕೊಳ್ಳಲು ಹೋದಾಗ "ಅದ್ ಬ್ಯಾಡ ಮಗಾ" ಅಂತ ಹೇಳುತ್ತಿದ್ದ. ಎರಡು ಮುಷ್ಟಿ ಹೋಗಬಾರದಲ್ಲ! ಒಂದು ದಿನ ಯಾವುದೋ ಮಾತಿಗೆ ಮಗ ಅಪ್ಪನ ಎದುರೇ ಜೋರಾಗಿ ನಕ್ಕ. ಆ ನಗುವನ್ನು ಸಾಹುಕಾರ ಅಂದೇ ಮೊದಲ ಸಲ ಕೇಳಿದ್ದು. ಮಗನಿಗೆ ಆಗ ಇಪ್ಪತ್ತೆಂಟು ವರ್ಷ.

ನಗುತ್ತೀರಿ, ನಗಿ. ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಆ ಬೀಗದ ಕೈ ಯಾರ ಸೊಂಟದಲ್ಲಿದೆ? ಸೊಸೆ ಸಾರಿಗೆ ಉಪ್ಪು ಹಾಕುವಾಗ ಹಿಂದೆ ನಿಲ್ಲುವವರು ಯಾರು ತಾಯಿ? ಮಗಳು ಬಸ್ಸು ಹತ್ತಿದಾಗೊಂದು, ಇಳಿದಾಗೊಂದು, ನಡುವೆ ಐದು ಫೋನು ಮಾಡುವವರು ಯಾರು? 'ಪ್ರೀತಿ ಸ್ವಾಮಿ, ಪ್ರೀತಿ' ಅನ್ನುತ್ತೀರಿ. ಗೊತ್ತು. ಪ್ರೀತಿ ಇಲ್ಲ ಅಂತ ಹೇಳಿದವರು ಯಾರು? ಸಾಹುಕಾರನಿಗೂ ಇತ್ತು. ಬಿಸಿಲಿರುವಾಗ ನಿಮ್ಮ ಗಂಟು ಚೆನ್ನಾಗಿಯೇ ಕಾಣುತ್ತದೆ. ಮಳೆ ಬಂದ ದಿನ, ಮಗ ತಪ್ಪು ಮಾಡಿ ಇಳಿದು ಬಂದು ನಿಮ್ಮ ಹತ್ತಿರ ಹೇಳಿಕೊಳ್ಳಬೇಕಾದ ದಿನ, ಅವನು ಇಳಿಯಲಾರ. ಗಂಟು ಬಿಡುವುದಿಲ್ಲ.

ಇನ್ನು ಕೆಲವರಿದ್ದೀರಿ, 'ನಮ್ಮ ಮನೆಯಲ್ಲಿ ಎಲ್ಲ ಸ್ವತಂತ್ರ' ಅನ್ನುವವರು. ಮಗ ಎಲ್ಲಿ ಹೋದ, ಊಟ ಮಾಡಿದನೇ, ಕೇಳುವವರಿಲ್ಲ. ಅದು ಎರಡು ಮುಷ್ಟಿ. ಅಲ್ಲಿ ಅಡ್ಡಮರ ಹಾರಿಹೋಗುತ್ತದೆ.

ಹೆರಿಯ ಒಂದು ಸಲ ಕಟ್ಟಿ ಮರೆಯುತ್ತಿರಲಿಲ್ಲ, ನೆನಪಿಡಿ. ದಿನಾ ಬೆಳಿಗ್ಗೆ ಮುಷ್ಟಿ ಹಾಕಿ ನೋಡುತ್ತಿದ್ದ. ನೀವೂ ಅಷ್ಟೇ ಮಾಡಿ. ನಾಳೆ ಮನೆಯಲ್ಲಿ ಒಂದು ಕೆಲಸ ಅವರಿಗೆ ಬಿಡಿ, ಹಿಂದೆ ನಿಂತು ನೋಡಬೇಡಿ. ಒಂದು ಮಾತು ನಾಲಿಗೆಗೆ ಬಂದಾಗ ತಕ್ಕಡಿ ಒರೆಸಿ. ಸಂಜೆಗೆ ಅವರನ್ನು ಕೂರಿಸಿ 'ಹೇಗಾಯಿತು?' ಅಂತ ಕೇಳಿ, ಕೇಳಿ ಸುಮ್ಮನಿರಿ.

ಇವತ್ತು ಆಕಾಶ ತಿಳಿಯಾಗಿದೆ. ಗಂಟು ಒಣಗಿದೆ, ಇನ್ನೂ ಕೈಯಲ್ಲೇ ಬಿಚ್ಚುತ್ತದೆ. ನೆನೆದ ಮೇಲೆ ಹಲ್ಲೇ ಬೇಕಾಗುತ್ತದೆ. ಹೋಗಿ, ಮುಷ್ಟಿ ಹಾಕಿ ನೋಡಿ.